ತತ್ತಿ ಇಡುವ ತಿಂಗಳಲ್ಲೇ ಗುಂಡಿ ತೋಡುವ ನಮ್ಮ ಹಸಿರು ಪ್ರೀತಿ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಜಿಲ್ಲೆಯ ಸ್ಟ್ರಿಂಗರ್ ಆಗಿ ನಾನು ಪ್ರತಿ ವರ್ಷ ಜೂನ್ 5ಕ್ಕೆ ಒಂದೇ ಸುದ್ದಿ ಕಳಿಸುತ್ತ ಬಂದವನು. ‘ಪಾಳು ಭೂಮಿಗೆ ಹಸಿರು ಹೊದಿಕೆ.’ ಊರು ಬದಲಾಗುತ್ತಿತ್ತು, ಗಣ್ಯರ ಹೆಸರು ಬದಲಾಗುತ್ತಿತ್ತು, ಉಳಿದದ್ದೆಲ್ಲ ಅದೇ. ಫೋಟೊದಲ್ಲಿ ಒಂದು ಸಸಿ, ಅದನ್ನು ಹಿಡಿದ ಹನ್ನೆರಡು ಕೈ. ಆ ಜಾಗ ಸಸಿ ನೆಡುವ ಮೊದಲು ಏನಾಗಿತ್ತು, ಅಲ್ಲಿ ಯಾರು ಇದ್ದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಒಂದು ದಿನ ಹಕ್ಕಿ ನೋಡಲು ಹೋಗಿದ್ದೆ. ಬೆಳಿಗ್ಗೆ ಗದಗ ಜಿಲ್ಲೆಯ ಒಂದು ಊರಿನ ಗಾಯರಾಣ, ಸಂಜೆ ಕಪ್ಪತಗುಡ್ಡ. ಆ ಒಂದು ದಿನದಲ್ಲಿ ನಾನು ಬರೆದ ಅಷ್ಟೂ ವರ್ಷದ ಸುದ್ದಿ ಸುಳ್ಳು ಎಂದು ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮೂರಲ್ಲೂ ಒಂದು ಗಾಯರಾಣ ಇದ್ದರೆ, ಗೋಮಾಳ ಇದ್ದರೆ, ಕಾವಲು ಇದ್ದರೆ, ದಯವಿಟ್ಟು ಕೊನೆಯವರೆಗೂ ಓದಿ.

ಬೆಳಿಗ್ಗೆ ಆರು ಗಂಟೆ, ಗಾಯರಾಣ

ಊರಿನ ಹೆಸರು ಬರೆಯುವುದಿಲ್ಲ. ಗೂಡಿನ ಜಾಗ ಬರೆದರೆ ಕ್ಯಾಮೆರಾ ಹಿಡಿದವರೂ ಬಲೆ ಹಿಡಿದವರೂ ಒಟ್ಟಿಗೇ ಬರುತ್ತಾರೆ.

ನನ್ನ ಜೊತೆ ಇಬ್ಬರಿದ್ದರು. ಒಬ್ಬರು ಹೈಸ್ಕೂಲಿನ ವಿಜ್ಞಾನದ ಸರ್, ಕೊರಳಲ್ಲಿ ಹಳೆಯ ದುರ್ಬೀನು. ಇನ್ನೊಬ್ಬರು ಕುರಿ ಕಾಯುವ ಕಾಕಾ, ಹೆಗಲ ಮೇಲೆ ಕಂಬಳಿ. ಸರ್‌ಗೆ ಹಕ್ಕಿಗಳ ಇಂಗ್ಲಿಷ್ ಹೆಸರು ಗೊತ್ತು. ಕಾಕಾಗೆ ಅವು ಎಲ್ಲಿ ಕೂತಿವೆ ಎಂಬುದು ಗೊತ್ತು. ದಿನ ಮುಗಿಯುವ ಹೊತ್ತಿಗೆ ಯಾವ ವಿದ್ಯೆ ದೊಡ್ಡದು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ನೋಡಲು ಅದು ಮಡ್ಡಿ ನೆಲ. ಮೇ ತಿಂಗಳು, ಹುಲ್ಲು ಒಣಗಿ ಹಳದಿಯಾಗಿತ್ತು. ನಡುನಡುವೆ ಗರಸು, ಕಲ್ಲು, ಎರಡು ಜಾಲಿ ಗಿಡ, ಒಂದು ಬೇವು. ರಸ್ತೆಯ ಮೇಲೆ ಬೈಕ್ ನಿಲ್ಲಿಸಿ ನೋಡಿದರೆ ಯಾರಾದರೂ ‘ಇಲ್ಲೇನೂ ಇಲ್ಲ’ ಎನ್ನುತ್ತಾರೆ. ನಾನೂ ಅಂದೆ. ಸರ್ ಏನೂ ಮಾತಾಡದೆ ಕೈ ಮಾಡಿ ಕೂರಿಸಿದರು.

ಹತ್ತು ನಿಮಿಷ ಸುಮ್ಮನೆ ಕೂತದ್ದೇ ತಡ, ನೆಲ ಎದ್ದು ಓಡಾಡತೊಡಗಿತು. ಕಲ್ಲು ಎಂದುಕೊಂಡದ್ದು ನೆಲಗುಬ್ಬಿ. ಗಂಡು ನೆಲಗುಬ್ಬಿ ನೇರ ಮೇಲಕ್ಕೆ ಹಾರಿ, ಸಿಳ್ಳೆ ಹಾಕುತ್ತ ಕೆಳಗೆ ಜಾರಿ, ನೆಲ ಮುಟ್ಟುವ ಮೊದಲು ಮತ್ತೆ ಮೇಲೇರುತ್ತಿತ್ತು. ಪೊದೆಯ ಹಿಂದಿನಿಂದ ಗೌಜಲಹಕ್ಕಿ ಜೋಡಿ ಒಂದರ ಮೇಲೊಂದು ಕೂಗು ಹಾಕಿತು. ಜಾಲಿಯ ತುದಿಯಲ್ಲಿ ಕಳ್ಳಿಪೀರ ನೊಣ ಹಿಡಿದು ಬಂದು ಕೂತು, ಟೊಂಗೆಗೆ ಬಡಿದು ನುಂಗಿತು. ಬೇವಿನ ಮೇಲೆ ನೀಲಕಂಠ. ನಮ್ಮ ರಾಜ್ಯದ ಹಕ್ಕಿ ಅದು. ಅದಕ್ಕೆ ಕೂರಲು ಒಂದೆರಡು ಮರ ಸಾಕು, ಬೇಟೆಗೆ ಮಾತ್ರ ಕಣ್ಣು ಹಾಯುವಷ್ಟು ಬಯಲು ಬೇಕು. ಆಕಾಶದಲ್ಲಿ ಹಾವುಗಿಡುಗ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಹುಲ್ಲಿನೊಳಗೆ ಹುಡುಕುತ್ತಿತ್ತು.

ನಾನು ಎದ್ದು ನಾಲ್ಕು ಹೆಜ್ಜೆ ಹಾಕಿದೆ. ಕಾಕಾ ಕೂಗಿದರು.

“ಏ ತಮ್ಮಾ, ಅಲ್ಲೇ ನಿಂದ್ರು! ಮುಂದ ಹೆಜ್ಜಿ ಇಡಬ್ಯಾಡ. ತತ್ತಿ ಅದಾವ ನೋಡು.”

ನೋಡಿದೆ, ಕಾಣಲಿಲ್ಲ. ಕಾಕಾ ಕೋಲಿನ ತುದಿ ತೋರಿಸಿದ ಮೇಲೂ ಕಾಣಲಿಲ್ಲ. ಆಮೇಲೆ ಗರಸಿನ ನಡುವೆ ನಾಲ್ಕು ಕಲ್ಲು ಮೆಲ್ಲಗೆ ತತ್ತಿಗಳಾದವು. ಹುಲ್ಲು ಹಾಸಿಲ್ಲ, ಕಡ್ಡಿ ಜೋಡಿಸಿಲ್ಲ, ನೆಲದಲ್ಲಿ ಬೆರಳಗಲದ ತಗ್ಗು ಅಷ್ಟೇ. ಹಳದಿ ಟಿಟ್ಟಿಭದ ಗೂಡು ಅದು. ತತ್ತಿಯ ಬಣ್ಣವೂ ಚುಕ್ಕೆಯೂ ಆ ನೆಲದ ಬಣ್ಣವೇ. ತಾಯಿ ಹಕ್ಕಿ ಸ್ವಲ್ಪ ದೂರದಲ್ಲಿ ಕೂಗುತ್ತ ನಮ್ಮನ್ನು ಬೇರೆ ಕಡೆಗೆ ಎಳೆಯಲು ನೋಡುತ್ತಿತ್ತು. ನಾನು ಫೋನ್ ತೆಗೆದೆ. ಸರ್ ಮೊದಲ ಸಲ ಗದರಿದರು.

“ನೀವು ನಿಂತಷ್ಟು ಹೊತ್ತು ಅದು ಬಂದು ಕೂಡಂಗಿಲ್ಲ. ಅಷ್ಟ ಹೊತ್ತು ತತ್ತಿ ಬಿಸಿಲಾಗ ಬೇಯತಾವ. ನಡೀರಿ.”

ಫೋಟೊ ತೆಗೆಯಲಿಲ್ಲ. ದೂರ ಬಂದು ಕೂತಾಗ ಸರ್ ವಿವರಿಸಿದರು. ಈ ಹಕ್ಕಿ ಮಾರ್ಚ್‌ನಿಂದ ಜುಲೈವರೆಗೆ, ಅಂದರೆ ಉರಿ ಬೇಸಿಗೆಯಲ್ಲೇ ತತ್ತಿ ಇಡುತ್ತದೆ. ಕಾವು ಕೊಡುವುದಕ್ಕಿಂತ ತತ್ತಿಗೆ ನೆರಳು ಕೊಡುವುದೇ ಅದಕ್ಕೆ ದೊಡ್ಡ ಕೆಲಸ. ನೀರಿದ್ದಲ್ಲಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತದೆ. ಬಯಲಿನ ಇನ್ನೊಂದು ಹಕ್ಕಿ ಮರಳುಗೌಜಿಗ. ಅದರ ಗಂಡು ಪುಕ್ಕದಲ್ಲಿ ನೀರು ಹೀರಿಕೊಂಡು ಹೋಗಿ ಮರಿಗಳಿಗೆ ಕುಡಿಸುತ್ತದೆ.

ನಾವು ಏನೂ ಇಲ್ಲ ಎನ್ನುವ ನೆಲ ಅವಕ್ಕೆ ಬಾಣಂತಿ ಕೋಣೆ.

ಎಂಟೂವರೆ ಗಂಟೆ, ಜೆಸಿಬಿ

ಗಾಯರಾಣದ ಇನ್ನೊಂದು ತುದಿಗೆ ಹೋದಾಗ ಸಾಲು ಸಾಲು ಗುಂಡಿ ಕಂಡವು. ಹೊಸ ಮಣ್ಣು, ಜೆಸಿಬಿಯ ಹಲ್ಲಿನ ಗುರುತು. ಮಳೆಗಾಲದಲ್ಲಿ ಸಸಿ ನೆಡಲು ಮುಂಚಿತವಾಗಿ ಮಾಡಿಟ್ಟ ಕೆಲಸ. ಯಾವ ಇಲಾಖೆ, ಯಾವ ಯೋಜನೆ ಎಂದು ಇಲ್ಲಿ ಹೇಳುವುದಿಲ್ಲ. ಒಬ್ಬ ಅಧಿಕಾರಿಯ ಮೇಲೆ ಬೆರಳು ತೋರಿಸಿದರೆ ಉಳಿದವರೆಲ್ಲ ಪಾರಾಗುತ್ತಾರೆ. ಈ ಕೆಲಸ ಒಂದು ಊರಿನದಲ್ಲ. ಸಸಿ ನೆಡುವುದು ಜೂನ್, ಜುಲೈನಲ್ಲಿ. ಗುಂಡಿ ತೋಡುವುದು ಅದಕ್ಕೂ ಮೊದಲು, ಬೇಸಿಗೆಯಲ್ಲಿ. ನೆಲದ ಹಕ್ಕಿಗಳು ತತ್ತಿ ಇಡುವುದೂ ಅದೇ ಬೇಸಿಗೆಯಲ್ಲಿ.

ಇಷ್ಟೇ ನನ್ನ ವಾದ. ಪರಿಸರದ ಹೆಸರಿನಲ್ಲಿ ನಾವು ಮಾಡುವ ಕೆಲಸದ ಪಂಚಾಂಗವೂ ನೆಲದ ಹಕ್ಕಿಗಳ ಹೆರಿಗೆಯ ಪಂಚಾಂಗವೂ ಒಂದೇ. ತತ್ತಿ ಇದ್ದಾವೆಯೇ ಎಂದು ನೋಡಿ ಜೆಸಿಬಿ ಓಡಿಸಿದವರು ಯಾರಾದರೂ ಇದ್ದಾರೆಯೇ? ಕಣ್ಣೆದುರು ಇದ್ದರೂ ನನಗೇ ಕಾಣದ ತತ್ತಿ ಡ್ರೈವರ್ ಸೀಟಿನಿಂದ ಕಾಣುತ್ತದೆಯೇ?

ಮೊದಲ ವರ್ಷ ತತ್ತಿ ಹೋಗುತ್ತದೆ. ಮುಂದಿನ ವರ್ಷಗಳಲ್ಲಿ ಹಕ್ಕಿಯೇ ಹೋಗುತ್ತದೆ. ಸಸಿ ಬೆಳೆದು ಮರವಾದರೆ ಅದರ ಮೇಲೆ ಕಾಗೆ ಕೂರುತ್ತದೆ, ಗಿಡುಗ ಕೂರುತ್ತದೆ. ಮೇಲಿನಿಂದ ನೋಡುವವನಿಗೆ ನೆಲದ ಮೇಲಿನ ಗೂಡು ಸುಲಭದ ಊಟ. ದೂರದಿಂದಲೇ ಶತ್ರುವನ್ನು ಕಂಡು ಎದ್ದು ಹೋಗುವುದೇ ನೆಲದ ಹಕ್ಕಿಯ ರಕ್ಷಣೆ. ಸುತ್ತ ಮರ ಬೆಳೆಸಿದರೆ ಅದರ ಕಣ್ಣು ಕಟ್ಟಿದಂತೆ.

ಕಾಕಾನ ಸಂಕಟ ಬೇರೆ. ಗುಂಡಿ ತೋಡಿದ ಕಡೆ ಸಸಿ ನೆಟ್ಟ ಮೇಲೆ ಕುರಿ ಬಿಡುವಂತಿಲ್ಲ. ಸಸಿ ಉಳಿಯಲಿ, ಒಣಗಲಿ, ಮೇವು ಮಾತ್ರ ಹೋಯಿತು. ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

“ಇದಕ್ಕ ಪಾಳು ಅಂತ ಯಾರಂದ್ರು ತಮ್ಮಾ? ನಮ್ಮ ಕುರಿ ಏನು ಪಾಳು ತಿಂದು ಬದುಕ್ಯಾವೇನು?”

ಪಾಳು ಎಂದವರು ಯಾರು?

ಹೇಳುತ್ತೇನೆ. ಕಂದಾಯ ತಾರದ ನೆಲವೆಲ್ಲ ದಂಡದ ನೆಲ ಎಂದು ಬ್ರಿಟಿಷರು ಲೆಕ್ಕ ಬರೆದರು. ಅವರು ಹೋದರೂ ಆ ಲೆಕ್ಕ ಹೋಗಲಿಲ್ಲ. ಇವತ್ತಿಗೂ ಕೇಂದ್ರ ಸರ್ಕಾರ ಉಪಗ್ರಹದ ಚಿತ್ರ ನೋಡಿ ‘ವೇಸ್ಟ್‌ಲ್ಯಾಂಡ್ ಅಟ್ಲಾಸ್’ ಎಂಬ ಪಾಳುಭೂಮಿಯ ನಕ್ಷೆ ಪ್ರಕಟಿಸುತ್ತದೆ. ಕುರುಚಲು ಬಯಲು, ಹಾಳಾದ ಹುಲ್ಲುಗಾವಲು ಎಲ್ಲವೂ ಅದರ ಪಟ್ಟಿಯಲ್ಲಿವೆ. ಒಮ್ಮೆ ಆ ಪಟ್ಟಿಗೆ ಸೇರಿದರೆ ಮುಗಿಯಿತು. ಗಿಡ ನೆಡುವವರಿಗೆ ಅದು ಖಾಲಿ ಜಾಗ, ಸೋಲಾರ್ ಹಾಕುವವರಿಗೆ ಖಾಲಿ ಜಾಗ, ಲೇಔಟ್ ಮಾಡುವವರಿಗೂ ಖಾಲಿ ಜಾಗ.

ನಮ್ಮ ರಾಜ್ಯದ ನಿಯಮವನ್ನೂ ನೋಡಿ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಒಳ್ಳೆಯದೇ. ಆದರೆ ಈ ಲೆಕ್ಕದಲ್ಲಿ ಊರಿನ ದನ ಕಡಿಮೆಯಾದರೆ ಗೋಮಾಳ ‘ಹೆಚ್ಚುವರಿ’ ಆಗಿಬಿಡುತ್ತದೆ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಎಲ್ಲ ಊರಿನಲ್ಲೂ ಗೋಮಾಳ ಹೆಚ್ಚುವರಿಯೇ. ನಿಯಮ ದನ ಎಣಿಸುತ್ತದೆ, ಟಿಟ್ಟಿಭ ಎಣಿಸುವುದಿಲ್ಲ.

ಹಿಂದೆ ಇಲ್ಲಿ ದಟ್ಟ ಕಾಡಿತ್ತು, ಕಡಿದದ್ದರಿಂದ ಬಯಲಾಯಿತು, ಈಗ ಮತ್ತೆ ಕಾಡು ಮಾಡುತ್ತಿದ್ದೇವೆ ಎನ್ನುವವರಿದ್ದಾರೆ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಆ ತತ್ತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಗರಸಿನ ಬಣ್ಣದ ತತ್ತಿ ಒಂದೆರಡು ತಲೆಮಾರಿನಲ್ಲಿ ಬರುವಂಥದ್ದಲ್ಲ. ಕೃಷ್ಣಮೃಗದ ಓಟ ನೋಡಿ, ಅದು ಮರಗಳ ನಡುವೆ ಓಡುವ ಓಟವಲ್ಲ. ಲೆಕ್ಕ ಹಾಕಲಾಗದಷ್ಟು ಕಾಲದಿಂದ ಇಲ್ಲಿ ಬಯಲಿತ್ತು, ಅದಕ್ಕೇ ಬಯಲಿಗೆ ತಕ್ಕ ಜೀವಗಳು ಇಲ್ಲಿವೆ. ಮಳೆ ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಹುಲ್ಲೇ ಕಾಡು.

ರಾಣೆಬೆನ್ನೂರು ಕಲಿಸಿದ ಪಾಠ

ನಮ್ಮ ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು. ವಿಸ್ತಾರ 119 ಚದರ ಕಿಲೋಮೀಟರ್. ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಇಂಗ್ಲಿಷಿನವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವುದು ಇದನ್ನೇ. ಮನುಷ್ಯನ ಎದೆಮಟ್ಟ ಬರುವ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದಾದ ಹಕ್ಕಿ. ಅದೂ ನೆಲದ ಮೇಲೆಯೇ ತತ್ತಿ ಇಡುತ್ತದೆ, ಸಾಮಾನ್ಯವಾಗಿ ಒಂದೇ ಒಂದು.

ಅದೇ ಬಯಲಿನಲ್ಲಿ ನೀಲಗಿರಿ ನೆಟ್ಟಿದ್ದರು. ಮರ ಬೆಳೆದವು, ಎರೆಭೂತ ಹೋಯಿತು. ಬೇಟೆಯೂ ಕಾರಣ, ಹೊಲವಾದದ್ದೂ ಕಾರಣ, ಎಲ್ಲವೂ ಮರದ ಮೇಲೆ ಹಾಕಲಾಗದು. ಆದರೆ ಬಯಲಿನ ಹಕ್ಕಿಗೆ ಬಯಲನ್ನೇ ಮುಚ್ಚಿದ ಮೇಲೆ ಅಭಯಾರಣ್ಯ ಎಂಬ ಬೋರ್ಡ್ ಏನು ಮಾಡೀತು? ಇಂದು ದೇಶದಲ್ಲಿ ಈ ಹಕ್ಕಿಗಳು ಉಳಿದಿರುವುದು ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಇದ್ದರೆ ಅದೇ ಪುಣ್ಯ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯದು ಇನ್ನೊಂದು ಬಗೆ. ಅಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ, ಬಾರ್ಕ್, ಐಐಎಸ್‌ಸಿಯಂಥ ಸಂಸ್ಥೆಗಳಿಗೆ ಹೋಯಿತು. ದೇಶಕ್ಕೆ ವಿಜ್ಞಾನ ಬೇಡವೇ ಎಂದು ಕೇಳಿದರು. ಬೇಕು. ಆದರೆ ಆ ಕಾವಲಿನ ಮೇಲೆ ದನ, ಕುರಿ ಕಟ್ಟಿಕೊಂಡು ಬದುಕಿದ್ದ ಹಳ್ಳಿಗಳನ್ನು ಮೊದಲು ಕೇಳಬೇಕಿತ್ತಲ್ಲ? ಖಾಲಿ ಜಾಗ ಎಂದು ನಂಬಿದವರು ಯಾರನ್ನೂ ಕೇಳುವುದಿಲ್ಲ.

ಸಂಜೆ, ಕಪ್ಪತಗುಡ್ಡ

ಬಿಸಿಲು ಇಳಿದ ಮೇಲೆ ಡೋಣಿ ಕಡೆಯಿಂದ ಕಪ್ಪತಮಲ್ಲೇಶ್ವರ ಗುಡಿಯ ದಾರಿಯಲ್ಲಿ ಗುಡ್ಡ ಏರಿದೆವು. ಗಾಳಿ, ಒಣಗಿದ ಬಾದೆ ಹುಲ್ಲಿನ ವಾಸನೆ, ಎಲ್ಲೋ ನವಿಲಿನ ಕೂಗು, ಕುರುಚಲು ಗಿಡಗಳಲ್ಲಿ ಪಿಕಳಾರ. ಒಂದು ಇಳಿಜಾರು ಪೂರಾ ಕಪ್ಪಗಾಗಿತ್ತು. ಪ್ರತಿ ಬೇಸಿಗೆಯೂ ಈ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಆ ಬೆಂಕಿ ಆಕಾಶದಿಂದ ಬೀಳುವುದಿಲ್ಲ, ಕಡ್ಡಿ ಗೀರುವ ಕೈ ನಮ್ಮದೇ. ಸುಟ್ಟ ನೆಲದ ಮೇಲೆ ಎಷ್ಟು ತತ್ತಿ ಇದ್ದವು ಎಂದು ಲೆಕ್ಕ ಇಟ್ಟವರು ಯಾರೂ ಇಲ್ಲ.

ಆದರೂ ಈ ಗುಡ್ಡ ಉಳಿದಿದೆ. ಹೇಗೆ ಉಳಿಯಿತು ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತು. 2015ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿ, 2016ರಲ್ಲಿ ಹಿಂದಕ್ಕೆ ಪಡೆಯಿತು. ಗಣಿಯ ಭಯ ಇತ್ತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಜನ ಬೀದಿಗೆ ಇಳಿದರು. 2017ರಲ್ಲಿ ಆ ಸ್ಥಾನ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು.

ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದೆ. ಬೆಳಿಗ್ಗೆ ಕೂತಿದ್ದಂಥ ಬಯಲುಗಳು ಕಂದು ತೇಪೆಗಳ ಹಾಗೆ ಹೊಲಗಳ ನಡುವೆ ಕಂಡವು. ಗುಡ್ಡಕ್ಕೆ ಹೆಸರಿದೆ, ದೇವರಿದ್ದಾನೆ, ಔಷಧಿ ಗಿಡಗಳ ಖ್ಯಾತಿ ಇದೆ, ಹೋರಾಡಿದ ಮಠವಿದೆ. ಕೆಳಗಿನ ಆ ತೇಪೆಗಳಿಗೆ ಸರ್ವೆ ನಂಬರ್ ಬಿಟ್ಟರೆ ಏನೂ ಇಲ್ಲ. ಗುಡ್ಡದ ಮೇಲಿನ ಹುಲ್ಲು ವನ್ಯಜೀವಿ ಧಾಮ, ಗುಡ್ಡದ ಕೆಳಗಿನ ಹುಲ್ಲು ಪಾಳು. ಹುಲ್ಲಿಗೆ ಈ ಜಾತಿ ಮಾಡಿದವರು ನಾವು. ಹಕ್ಕಿಗೆ ಈ ಗಡಿ ಗೊತ್ತಿಲ್ಲ.

ನೀವು ಕೇಳುವ ಪ್ರಶ್ನೆಗಳು

‘ಗಿಡ ನೆಡಬೇಡಿ ಅಂತೀರಾ?’ ನೆಡಿ. ಬದುವಿನ ಮೇಲೆ, ರಸ್ತೆ ಪಕ್ಕ, ಶಾಲೆಯ ಆವರಣದಲ್ಲಿ, ಮನೆಯ ಹಿತ್ತಲಲ್ಲಿ, ಕಡಿದ ಕಾಡಿನಲ್ಲಿ ನೆಡಿ. ರಸ್ತೆ ಅಗಲ ಮಾಡುವಾಗ ಉರುಳಿಸಿದ ಹುಣಸೆ, ಬೇವುಗಳ ಸಾಲ ಇನ್ನೂ ತೀರಿಲ್ಲ, ಮೊದಲು ಅದನ್ನು ತೀರಿಸಿ. ಹುಲ್ಲು ಇದ್ದ ಕಡೆ ಹುಲ್ಲನ್ನು ಬಿಡಿ.

‘ಭೂಮಿ ಬಿಸಿಯಾಗುತ್ತಿದೆ, ಮರ ಬೇಡವೇ?’ ಹುಲ್ಲೂ ಇಂಗಾಲ ಹಿಡಿದಿಡುತ್ತದೆ. ಮರ ಅದನ್ನು ಬಹುಪಾಲು ಕಾಂಡದಲ್ಲಿ ಇಟ್ಟುಕೊಂಡರೆ ಹುಲ್ಲು ಬೇರಿನ ಮೂಲಕ ಮಣ್ಣಿನೊಳಗೆ ಇಡುತ್ತದೆ. ಮೇಲಿನ ಹುಲ್ಲು ಸುಟ್ಟರೂ ಮಣ್ಣಿನೊಳಗಿನದು ಬಹುಮಟ್ಟಿಗೆ ಉಳಿಯುತ್ತದೆ. ಅದನ್ನು ಜೆಸಿಬಿಯಿಂದ ಕೆದಕಿ ಗಿಡ ನೆಡುವುದು ಗಂಟು ಬಿಚ್ಚಿ ಚೆಲ್ಲಿ ಮತ್ತೆ ಆರಿಸಿದ ಹಾಗೆ.

‘ಕುರಿಯವರೇ ಹುಲ್ಲು ಹಾಳು ಮಾಡುವುದಲ್ಲವೇ?’ ಅತಿಯಾದರೆ ಹೌದು. ಆದರೆ ಮೇಯುವುದು ಪೂರಾ ನಿಂತರೆ ಬಯಲು ಬಯಲಾಗಿ ಉಳಿಯುವುದಿಲ್ಲ, ಗಿಡಗಂಟಿ ಏರುತ್ತದೆ. ಅದಕ್ಕಿಂತ ದೊಡ್ಡ ಪೀಡೆ ಬಳ್ಳಾರಿ ಜಾಲಿ. ಕೀಳುವುದಾದರೆ ಅದನ್ನು ಕೀಳಿಸಿ, ಅದನ್ನೂ ತತ್ತಿಯ ಕಾಲ ಮುಗಿದ ಮೇಲೆ. ಇನ್ನು ಆ ದಿನ ತತ್ತಿ ತುಳಿಯದಂತೆ ನನ್ನನ್ನು ತಡೆದದ್ದು ಕುರಿ ಕಾಯುವವರೇ, ಡಿಪ್ಲೊಮಾ ಓದಿದ ನಾನಲ್ಲ.

‘ಭೂಮಿ ಇಲ್ಲದ ಬಡವರಿಗೆ ಜಾಗ ಬೇಡವೇ?’ ಬೇಕು. ತುಂಡು ನೆಲ ಉತ್ತು ಬದುಕುವವನ ಮೇಲೆ ನನ್ನ ಜಗಳ ಇಲ್ಲ. ಆದರೆ ಬಡವನ ಹೆಸರು ಹೇಳಿ ಗಾಯರಾಣದ ಬಾಗಿಲು ತೆಗೆದಾಗಲೆಲ್ಲ ಒಳಗೆ ಹೋದವರು ಯಾರು ಎಂದು ನಿಮ್ಮೂರಲ್ಲೇ ನೋಡಿಕೊಳ್ಳಿ.

ನಾವು ಮಾಡಬಹುದಾದದ್ದು

ಮಾರ್ಚ್‌ನಿಂದ ಜುಲೈ ಮುಗಿಯುವವರೆಗೆ ಗಾಯರಾಣ, ಗೋಮಾಳ, ಕಾವಲಿನಲ್ಲಿ ಜೆಸಿಬಿ ಇಳಿಸಬಾರದು ಎಂದು ಗ್ರಾಮಸಭೆಯಲ್ಲಿ ಕೇಳಿ, ಠರಾವು ಬರೆಸಿ. ಬರೀ ಬಾಯಿಮಾತು ನಡೆಯುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಅದರಲ್ಲಿ ನಿಮ್ಮ ಬಯಲಿನ ಹಕ್ಕಿಗಳ ಹೆಸರು ಇಲ್ಲದಿದ್ದರೆ ಬರೆಸಿ. ಕುರಿ ಕಾಯುವವರನ್ನು ಕೂರಿಸಿಕೊಂಡು ಬರೆಸಿ, ಅವರ ಬಾಯಿಯ ಹೆಸರಿನಲ್ಲೇ ಬರೆಸಿ. ನಾಳೆ ಯಾರಾದರೂ ‘ಇಲ್ಲೇನೂ ಇಲ್ಲ’ ಎಂದು ಬಂದಾಗ ತೋರಿಸಲು ಕಾಗದ ಬೇಕು.

ಫೋನ್ ಇರುವ ಹುಡುಗರು ಇ-ಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ಕಂಡ ಹಕ್ಕಿಯನ್ನು ತಾರೀಕಿನ ಸಮೇತ ದಾಖಲಿಸಬಹುದು. ಗೂಡಿನ ಫೋಟೊ ಮಾತ್ರ ಬೇಡ. ರೀಲ್ಸ್‌ಗಾಗಿ ಹತ್ತಿರ ಹೋಗುವುದು ಬೇಡ. ಹಕ್ಕಿಯ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ಕರೆಯುವುದೂ ಬೇಡ. ಪೇಟೆಯಿಂದ ಬರುವ ಕ್ಯಾಮೆರಾದವರಿಗೂ ಇದನ್ನೇ ಹೇಳಿ, ಅವರೇನು ದೊಡ್ಡವರಲ್ಲ.

ನನ್ನ ಪಾಲಿನ ಕೆಲಸವನ್ನೂ ಹೇಳುತ್ತೇನೆ. ‘ಪಾಳು ಭೂಮಿ’ ಎಂಬ ಮಾತನ್ನು ಹುಲ್ಲುಗಾವಲಿಗೆ ಇನ್ನು ಬಳಸುವುದಿಲ್ಲ. ಜೂನ್ 5ಕ್ಕೆ ಆಮಂತ್ರಣ ಬಂದರೆ ಮೊದಲು ಸರ್ವೆ ನಂಬರ್ ಕೇಳುತ್ತೇನೆ, ಗುಂಡಿ ಯಾವ ತಿಂಗಳಲ್ಲಿ ತೋಡಿದಿರಿ ಎಂದು ಕೇಳುತ್ತೇನೆ. ಸುದ್ದಿ ಅಚ್ಚಾಗದಿದ್ದರೆ ಇಲ್ಲೇ ಬರೆಯುತ್ತೇನೆ.

ಕಾಕಾ ಮೊನ್ನೆ ಫೋನ್ ಮಾಡಿದ್ದರು. ಆ ನಾಲ್ಕು ತತ್ತಿಯಲ್ಲಿ ಮೂರು ಮರಿಯಾಗಿವೆಯಂತೆ, ಗರಸಿನ ಮೇಲೆ ಓಡಾಡುತ್ತಿವೆಯಂತೆ. ಜೆಸಿಬಿ ಇನ್ನೂ ಆ ತುದಿ ಬಿಟ್ಟು ಈ ಕಡೆ ಬಂದಿಲ್ಲ. ಗ್ರಾಮಸಭೆ ಮುಂದಿನ ವಾರ ಇದೆ. ನಾನು, ಸರ್, ಕಾಕಾ ಮೂವರೂ ಹೋಗುತ್ತಿದ್ದೇವೆ. ನಿಮ್ಮೂರಿನ ಸಭೆ ಯಾವಾಗ?